ಗದ್ದಲದ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ಕೇಳಿಸಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಬೇಸ್ ನುಡಿಸುತ್ತೇನೆ. ವರ್ಷದ ಒಂದಷ್ಟು ತಿಂಗಳು ರಾಕ್ ಬ್ಯಾಂಡ್, ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾ. ಎರಡೂ ಕಡೆ ಹೊಸಬರು ಕೇಳುವುದು ಒಂದೇ ಮಾತು: "ಅಣ್ಣಾ, ನಾನು ನುಡಿಸ್ತಿರೋದು ಯಾರಿಗೂ ಕೇಳಿಸ್ತಿಲ್ಲ, ಬರೀ ಗುಂ ಅಂತಿದೆ. ಏನ್ ಮಾಡ್ಲಿ?" ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮನೆಯಲ್ಲಿ ಅಷ್ಟು ಚೆನ್ನಾಗಿರೋ ಟೋನ್ ಬ್ಯಾಂಡ್ ಜೊತೆ ಎಲ್ಲಿ ಮಾಯವಾಗುತ್ತೆ?

ಮನೆಯಲ್ಲಿ ನೀವು ಒಬ್ಬರೇ. ಸದ್ದೂ ಕಡಿಮೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮಂಕಾಗಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಕೋಣೆಯಲ್ಲಿ ಕೂತು ಬೇಸ್ ನಾಬ್ ಏರಿಸುತ್ತೀರಿ. ಸ್ವಲ್ಪ ಹೊಳಪಿರಲಿ ಅಂತ ಟ್ರೆಬಲ್ (ಮೇಲಿನ ಸದ್ದು) ಏರಿಸುತ್ತೀರಿ. ಮಿಡ್ (ನಡುವಿನ ಸದ್ದು) ಮಾತ್ರ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ, ಅದನ್ನು ಇಳಿಸುತ್ತೀರಿ. ಆಹಾ, ಥಿಯೇಟರ್ ಸೌಂಡ್!

ಈಗ ಬ್ಯಾಂಡ್ ಶುರುವಾಗಲಿ. ಕೆಳಗೆ 50ರಿಂದ 80 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೂತಿದೆ. ಮೇಲೆ ಸಿಂಬಲ್‌ಗಳ ಝಲ್ಲೆನ್ನುವ ಸದ್ದು. ನೀವು ಏರಿಸಿದ ಎರಡೂ ಜಾಗ ಆಗಲೇ ಭರ್ತಿ. ನಡುವೆ ನಿಮಗೆ ಅಂತ ಇದ್ದ ಜಾಗವನ್ನು ನೀವೇ ಬಿಟ್ಟುಕೊಟ್ಟಿದ್ದೀರಿ. ಅಲ್ಲಿ ಗಿಟಾರ್‌ನವರು ಚಾಪೆ ಹಾಸಿ ಮಲಗಿಯಾಗಿದೆ.

ಕೇಳಿಸ್ತಿಲ್ಲ ಅಂದ್ರೆ ಬೇಸ್ ನಾಬ್ ತಾನೇ ಏರಿಸಬೇಕು?

ಅಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆ ಅಷ್ಟೇ.

ನಾಲ್ಕು ತಂತಿಯ ಬೇಸ್‌ನಲ್ಲಿ ತೆರೆದ 'ಇ' ತಂತಿ 41 ಹರ್ಟ್ಜ್, 'ಎ' 55, 'ಡಿ' 73, 'ಜಿ' 98. ಆದರೆ ತಂತಿ ಮೀಟಿದಾಗ ಬರುವುದು ಈ ಒಂದೇ ಕಂಪನ ಅಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಮೇಲಿನ ಕಂಪನಗಳ ಒಂದು ಸಾಲೇ ಜೊತೆಗೆ ಬರುತ್ತದೆ. ಯಾವ ಸ್ವರ ಅಂತ ಕಿವಿ ಗುರುತಿಸುವುದು ಮುಖ್ಯವಾಗಿ ಈ ಮೇಲಿನ ಸಾಲಿನಿಂದ. ಫೋನಿನ ಪುಟ್ಟ ಸ್ಪೀಕರ್‌ನಿಂದ 41 ಹರ್ಟ್ಜ್ ಬರುವುದೇ ಇಲ್ಲ. ಆದರೂ ಫೋನಿನಲ್ಲಿ ಹಾಡು ಕೇಳುವಾಗ ಬೇಸ್ ಯಾವ ಸ್ವರದಲ್ಲಿದೆ ಅಂತ ನಿಮಗೆ ಗೊತ್ತಾಗುತ್ತದಲ್ವಾ? ಮೇಲಿನ ಕಂಪನ ಕೇಳಿಸಿದರೆ ಸಾಕು, ಕೆಳಗಿನದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ.

ಬೇಸ್ ನಾಬ್ ಏರಿಸಿದಾಗ ಆಂಪ್‌ನ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯ) ಶಕ್ತಿಯೆಲ್ಲ ಈ ತಳಕ್ಕೇ ಸುರಿದು ಹೋಗುತ್ತದೆ. ಎದೆಗೆ ಗುದ್ದು ಬೀಳುತ್ತದೆ, ಸ್ವರ ಮಾತ್ರ ತಿಳಿಯುವುದಿಲ್ಲ.

ಹಾಗಾದ್ರೆ ನಾಬ್‌ಗಳನ್ನು ಎಲ್ಲಿಡಲಿ? ನಂಬರ್ ಹೇಳಿ.

ನಂಬರ್ ಹೇಳುತ್ತೇನೆ, ಆದರೆ ಅದೇ ವೇದವಾಕ್ಯ ಅಂದುಕೊಳ್ಳಬೇಡಿ. ಮೊದಲು ಎಲ್ಲ ನಾಬ್ ಗಡಿಯಾರದ 12ಕ್ಕೆ ತನ್ನಿ. ಬ್ಯಾಂಡ್ ನುಡಿಸುತ್ತಿರುವಾಗಲೇ, ಒಬ್ಬರೇ ಇದ್ದಾಗಲ್ಲ, ಈ ಕ್ರಮದಲ್ಲಿ ಹೋಗಿ.

35-40 ಹರ್ಟ್ಜ್‌ಗಿಂತ ಕೆಳಗಿರುವುದನ್ನು ಹೈ-ಪಾಸ್ ಫಿಲ್ಟರ್ ಇದ್ದರೆ ಕತ್ತರಿಸಿ. ಅಲ್ಲಿರುವುದು ಬಹುತೇಕ ಬೆರಳು ತಾಗಿದ ದಡಬಡ, ವೇದಿಕೆಯ ಹಲಗೆ ನಡುಗಿದ ಸದ್ದು. 200ರಿಂದ 300ರ ನಡುವೆ ಕೆಸರು ಇರುತ್ತದೆ. ಅಲ್ಲಿ 3 ಡೆಸಿಬೆಲ್ ಇಳಿಸಿ ನೋಡಿ. ಗಿಟಾರ್, ಕೀಬೋರ್ಡ್, ಗಂಡಸರ ದನಿ ಎಲ್ಲವೂ ಅಲ್ಲೇ ಗುಂಪುಗೂಡುತ್ತವೆ. ಆಮೇಲೆ 700-800 ಹರ್ಟ್ಜ್ ಹತ್ತಿರ 3-4 ಡೆಸಿಬೆಲ್ ಏರಿಸಿ. ಬೇಸ್ 'ಮಾತಾಡುವ' ಜಾಗ ಇದು. ಬೆರಳಿನ ಏಟು ಇನ್ನೂ ಸ್ಪಷ್ಟವಾಗಬೇಕಾದರೆ 1500ರಿಂದ 2500ರ ನಡುವೆ ಎಲ್ಲಾದರೂ ಚೂರು. ಅದಕ್ಕಿಂತ ಮೇಲಿನದನ್ನು ಸಿಂಬಲ್‌ನವರಿಗೆ ಬಿಟ್ಟುಬಿಡಿ.

ಆಂಪ್‌ನಲ್ಲಿ ಬೇಸ್, ಮಿಡ್, ಟ್ರೆಬಲ್ ಅಂತ ಮೂರೇ ನಾಬ್ ಇವೆಯಾ? ಬೇಸ್ 11ಕ್ಕೆ, ಮಿಡ್ 2ಕ್ಕೆ, ಟ್ರೆಬಲ್ 12ಕ್ಕೆ. ನಾನು ಯಾವ ಊರಿಗೆ ಹೋದರೂ ಶುರು ಮಾಡುವುದು ಇಲ್ಲಿಂದಲೇ.

ಒಂದು ಎಚ್ಚರಿಕೆ. ಈ ಟೋನನ್ನು ಒಬ್ಬರೇ ಕೂತು ಕೇಳಿದರೆ ಅಯ್ಯೋ ಅನಿಸುತ್ತದೆ. ತಗಡು ಬಡಿದ ಹಾಗಿರುತ್ತದೆ. ಬ್ಯಾಂಡ್ ಜೊತೆ ಸೇರಿದಾಗ ಅದೇ ಟೋನ್ ದಪ್ಪವಾಗಿ, ದುಂಡಗೆ ಕೇಳಿಸುತ್ತದೆ. ತಳದ ಭಾರವನ್ನು ಕಿಕ್ ಡ್ರಮ್ ತುಂಬಿಕೊಡುತ್ತದೆ. ಬರೀ ಒಗ್ಗರಣೆ ತಿಂದು ಸಾರಿನ ರುಚಿ ಹೇಳಕ್ಕಾಗುತ್ತಾ? ಹಾಗೇ ಇದು.

ಗಿಟಾರ್‌ನವನು ವಾಲ್ಯೂಮ್ ಇಳಿಸೋದೇ ಇಲ್ಲ. ಏನ್ ಮಾಡೋದು?

ವಾಲ್ಯೂಮ್ ಇಳಿಸು ಅಂತ ಹೇಳಬೇಡಿ. ಯಾವ ಗಿಟಾರ್‌ನವನೂ ಕೇಳುವುದಿಲ್ಲ. "ನಿನ್ನ ಆಂಪ್‌ನ ಬೇಸ್ ನಾಬ್ ಸ್ವಲ್ಪ ಇಳಿಸಿ ನೋಡೋಣ, ಸೋಲೋ ಇನ್ನೂ ಎದ್ದು ಕೇಳ್ಸುತ್ತೆ" ಅನ್ನಿ. ಸುಳ್ಳೂ ಅಲ್ಲ. ಗಿಟಾರಿನ ಅತಿ ತಗ್ಗಿನ 'ಇ' 82 ಹರ್ಟ್ಜ್. ಮಿಕ್ಸರ್‌ನಲ್ಲಿ ಗಿಟಾರ್ ಚಾನೆಲ್‌ಗೆ 80-100ರಲ್ಲಿ ಹೈ-ಪಾಸ್ ಹಾಕಿದರೆ ಗಿಟಾರ್‌ಗೆ ನಷ್ಟವಿಲ್ಲ, ನಿಮಗೆ ಒಂದು ಇಡೀ ಕೋಣೆ ಖಾಲಿ ಸಿಗುತ್ತದೆ.

ಗಿಟಾರ್ ರಿಫನ್ನೇ (ಮತ್ತೆ ಮತ್ತೆ ಬರುವ ಸ್ವರಸಾಲನ್ನೇ) ನೀವೂ ಸ್ವರ ಸ್ವರ ಹಾಗೇ ನುಡಿಸುತ್ತಿದ್ದರೆ ಕಷ್ಟ ಇಮ್ಮಡಿ. ಇದಕ್ಕೆ ಪ್ರಸಿದ್ಧ ಉದಾಹರಣೆ ಮೆಟಾಲಿಕಾ ಬ್ಯಾಂಡ್‌ನ 1988ರ ಆಲ್ಬಮ್. ಅದರಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಹುಡುಕಿದರೂ ಸಿಗುವುದು ಕಷ್ಟ. ಮಿಕ್ಸ್‌ನಲ್ಲಿ ಬೇಸ್ ಇಳಿಸಿದ್ದೇ ದೊಡ್ಡ ಕಾರಣ, ನಿಜ. ಆದರೆ ಬೇಸ್ ಸಾಲುಗಳು ಬಹಳ ಕಡೆ ಗಿಟಾರ್ ಜೊತೆಗೇ ಓಡುತ್ತವೆ, ಇಳಿಸಿದ ಮೇಲೆ ಗಿಟಾರಿನೊಳಗೇ ಕರಗಿಹೋದವು. ರಿಫ್ ಒಂದೇ ಆದರೂ ನಡುವೆ ಒಂದೆರಡು ಕಡೆ ನಿಲ್ಲಿಸಿ, ಒಂದು ಸ್ವರ ಬದಲಿಸಿ. ಕೇಳುಗರ ಕಿವಿ ಆಗ ನಿಮ್ಮ ಕಡೆ ತಿರುಗುತ್ತದೆ.

ಆರ್ಕೆಸ್ಟ್ರಾದಲ್ಲಿ ಗಿಟಾರ್ ಸಮಸ್ಯೆ ಇಲ್ಲ, ಕೀಬೋರ್ಡೇ ಸಮಸ್ಯೆ.

ನನಗೂ ಅದೇ! ಕೀಬೋರ್ಡ್‌ನವರು ಒಬ್ಬರೇ ಅಭ್ಯಾಸ ಮಾಡಿ ಮಾಡಿ ಎಡಗೈಯಲ್ಲಿ ಬೇಸ್ ಸೇರಿಸಿಯೇ ನುಡಿಸುತ್ತಾರೆ. ರಿದಮ್ ಪ್ಯಾಡ್‌ನವರು ಪ್ರತಿ ಏಟಿಗೂ ಒಂದು 'ಧಂ' ಇಟ್ಟಿರುತ್ತಾರೆ. ಮೇಲೆ ಢೋಲಕ್‌ನ ಎಡಗೈ, ತಬಲಾದ ಡಗ್ಗಾ. ತಳದಲ್ಲಿ ಜಾತ್ರೆ.

ನಮ್ಮ ತಂಡದ ಕೀಬೋರ್ಡ್ ಹಿರಿಯರ ಹತ್ತಿರ ಇದನ್ನು ಹೇಳಲು ನನಗೆ ಎರಡು ಸೀಸನ್ ಬೇಕಾಯಿತು. ಕೊನೆಗೆ ಒಂದು ರಾತ್ರಿ ಟೆಂಪೋದಲ್ಲಿ ವಾಪಸ್ ಬರುವಾಗ, "ಸಾರ್, ನಾನಿದ್ದಾಗ ಎಡಗೈಗೆ ರೆಸ್ಟ್ ಕೊಡಿ" ಅಂದೆ. ಅವರು ನಕ್ಕು, "ಮೊದಲೇ ಹೇಳೋದಲ್ವೇನೋ, ನೀನು ಬರದೇ ಇರೋ ದಿನಕ್ಕೆ ಅಂತ ರೂಢಿ ಮಾಡ್ಕೊಂಡಿದ್ದೆ" ಅಂದರು. ಮರುದಿನದಿಂದ ನನ್ನ ಬೇಸ್ ಕೇಳಿಸತೊಡಗಿತು. ಆ ಎರಡು ವರ್ಷದಲ್ಲಿ ನಾನು ಕೊಂಡ ಪೆಡಲ್‌ಗಳ ಲೆಕ್ಕ ಇಲ್ಲಿ ಬೇಡ.

ಕಿಕ್ ಡ್ರಮ್ ಮತ್ತು ಬೇಸ್ ಒಂದರ ಮೇಲೊಂದು ಬೀಳ್ತಿವೆ.

ಒಬ್ಬರು ಕೆಳಗೆ, ಒಬ್ಬರು ಮೇಲೆ ಅಂತ ಮಾತಾಡಿಕೊಳ್ಳಿ. ಕಿಕ್‌ನ ಗುದ್ದು 60 ಹರ್ಟ್ಜ್ ಹತ್ತಿರ ಇದ್ದರೆ ಬೇಸ್‌ನಲ್ಲಿ ಅಲ್ಲಿ ಸ್ವಲ್ಪ ಇಳಿಸಿ 90-100ರಲ್ಲಿ ಉಬ್ಬಿಸಿ. ಕಿಕ್ ಗಟ್ಟಿಯಾಗಿ, ಎತ್ತರಕ್ಕೆ ಟ್ಯೂನ್ ಆಗಿದ್ದರೆ ತಳ ನಿಮ್ಮದು.

ಅದಕ್ಕಿಂತ ಮುಖ್ಯ ಟೈಮಿಂಗ್. ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದಾಡಿದರೆ ಯಾವ ಈಕ್ಯೂ (ಈ ನಾಬ್‌ಗಳ ಹೊಂದಾಣಿಕೆ) ಕೂಡ ಉಳಿಸುವುದಿಲ್ಲ. ಕಿಕ್ ಬಿದ್ದ ಕ್ಷಣಕ್ಕೇ ನಿಮ್ಮ ಸ್ವರ ಬೀಳಬೇಕು. ಸ್ನೇರ್ (ಟಕ್ ಅನ್ನುವ ಡ್ರಮ್) ಬೀಳುವಾಗ ನಿಮ್ಮ ತಂತಿ ಸುಮ್ಮನಿರಲಿ. ಈ ಎರಡನೆಯದನ್ನು ಒಂದು ಹಾಡಿನಲ್ಲಿ ಮಾಡಿ ನೋಡಿ, ಇಡೀ ಬ್ಯಾಂಡ್‌ನ ಸದ್ದು ಕನ್ನಡಕ ಒರೆಸಿದಷ್ಟು ಸ್ಪಷ್ಟವಾಗುತ್ತದೆ.

ಬೆರಳಲ್ಲಿ ನುಡಿಸೋದಾ, ಪಿಕ್‌ನಲ್ಲಾ?

ಎರಡೂ ನಡೆಯುತ್ತದೆ. ಪಿಕ್ ಅಂದರೆ ಮೀಟಲು ಹಿಡಿಯುವ ಪುಟ್ಟ ಪ್ಲಾಸ್ಟಿಕ್ ತುಂಡು. ಪಿಕ್‌ನಲ್ಲಿ ಏಟು ಬೇಗ ಎದ್ದು ಕೇಳಿಸುತ್ತದೆ, ವೇಗದ ಹಾಡಿಗೆ ಅನುಕೂಲ. ಆದರೆ ನಿಮ್ಮ ಬಲಗೈ ಎಲ್ಲಿದೆ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಇದು ನಾಬ್‌ಗಿಂತಲೂ ದೊಡ್ಡ ಈಕ್ಯೂ, ಅದೂ ಪುಕ್ಕಟೆ.

ಈಗಲೇ ಬೇಸ್ ತೆಗೆದುಕೊಂಡು 'ಎ' ತಂತಿಯ ಮೂರನೇ ಫ್ರೆಟ್ ಒತ್ತಿ. ಮೊದಲು ಕುತ್ತಿಗೆ ಮುಗಿಯುವ ಕಡೆ ಮೀಟಿ: ಬೂಂ, ಮೆತ್ತಗೆ, ಅಂಚಿಲ್ಲದ ಸದ್ದು. ಒಂದೊಂದೇ ಇಂಚು ಬ್ರಿಡ್ಜ್ (ತಂತಿ ಕಟ್ಟಿದ ತುದಿ) ಕಡೆಗೆ ಕೈ ಸರಿಸುತ್ತಾ ಅದೇ ಜೋರಿನಲ್ಲಿ ಮೀಟಿ. ತಂತಿ ಬಿಗಿಯಾದ ಹಾಗೆ ಅನಿಸುತ್ತದೆ, ಬೂಂ ಹೋಗಿ 'ಟೋಂ' ಬರುತ್ತದೆ, ಇನ್ನೂ ಮುಂದೆ ಹೋದರೆ 'ಟಂಕ್'. ಬ್ಯಾಂಡ್ ಜೋರಾದಾಗ ಎರಡು ಮೂರು ಇಂಚು ಬ್ರಿಡ್ಜ್ ಕಡೆ ಸರಿಯಿರಿ. ನಿಧಾನದ ಹಾಡು ಬಂದಾಗ ವಾಪಸ್ ಬನ್ನಿ.

ಇನ್ನೊಂದು, ಎಲ್ಲರೂ ಮರೆಯುವುದು: ಬೇಡದ ತಂತಿ ಮುಚ್ಚುವುದು. ನೀವು 'ಡಿ' ತಂತಿ ನುಡಿಸುವಾಗ ದಪ್ಪ 'ಇ' ತಂತಿ ತಾನಾಗಿಯೇ ನಡುಗುತ್ತಿರುತ್ತದೆ. ಮನೆಯಲ್ಲಿ ಗೊತ್ತಾಗುವುದಿಲ್ಲ. ಸಾವಿರಾರು ವ್ಯಾಟ್‌ನ ಸಬ್‌ನಲ್ಲಿ (ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್) ಅದು ಗುಡುಗು. ಬಲಗೈ ಹೆಬ್ಬೆರಳನ್ನು ಬಳಸದ ದಪ್ಪ ತಂತಿಯ ಮೇಲೆ ಒರಗಿಸಿಡಿ, ಎಡಗೈಯ ಖಾಲಿ ಬೆರಳುಗಳನ್ನು ಹಗುರವಾಗಿ ಹಾಸಿಡಿ. ಬಹಳ ಜನರ 'ಗೊಜಗೊಜ ಟೋನ್' ಕಾಯಿಲೆಗೆ ಮದ್ದು ಇಷ್ಟೇ.

ಮತ್ತೆ ಜೋರಾಗಿ ಮೀಟಬೇಡಿ. ತಂತಿ ಫ್ರೆಟ್‌ಗೆ ಬಡಿದು ಕಟಕಟ ಅಂದು ಸ್ವರ ಬೇಗ ಸಾಯುತ್ತದೆ. ಕೈ ಹಗುರ ಇರಲಿ, ಆಂಪ್ ಕೆಲಸ ಮಾಡಲಿ.

ಯಾವ ತಂತಿ ಹಾಕಲಿ? ಎಷ್ಟು ದಿನಕ್ಕೆ ಬದಲಿಸಲಿ?

ಗದ್ದಲದ ಬ್ಯಾಂಡ್‌ಗೆ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ ತಂತಿ). ಸ್ಟೀಲ್ ಆದರೆ ಚುರುಕು ಜಾಸ್ತಿ, ನಿಕಲ್ ಆದರೆ ಸ್ವಲ್ಪ ಮೆದು. ಗೇಜ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) 45-105 ಸಾಕು. ಬೆವರಿನ ಕೈಯಾದರೆ ಎರಡು ಮೂರು ತಿಂಗಳಿಗೇ ಹೊಳಪು ಹೋಗುತ್ತದೆ. ಹೊಸ ಸೆಟ್ ದುಬಾರಿ, ಗೊತ್ತು. ಹಳೆಯ ತಂತಿ ಬಿಚ್ಚಿ ಹತ್ತು ನಿಮಿಷ ಕುದಿಯುವ ನೀರಲ್ಲಿ ಹಾಕಿ, ಚೆನ್ನಾಗಿ ಒಣಗಿಸಿ ಮತ್ತೆ ಹಾಕಿದರೆ ಕೆಲವು ದಿನ ಜೀವ ಬರುತ್ತದೆ. ಅನ್ನ ಮಾಡುವ ಪಾತ್ರೆ ಬಳಸಬೇಡಿ, ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಪ್ಯಾಸಿವ್ ಬೇಸ್ ಒಳ್ಳೆಯದಾ, ಆಕ್ಟಿವ್ ಬೇಸಾ?

ಒಳಗೆ ಬ್ಯಾಟರಿಯಿಂದ ನಡೆಯುವ ಟೋನ್ ಸರ್ಕ್ಯೂಟ್ ಇದ್ದರೆ ಆಕ್ಟಿವ್, ಇಲ್ಲದಿದ್ದರೆ ಪ್ಯಾಸಿವ್. ಸ್ಪಷ್ಟತೆಗೂ ಇದಕ್ಕೂ ಅಷ್ಟೇನೂ ಸಂಬಂಧವಿಲ್ಲ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಪ್ಯಾಸಿವ್. ಒಂದು ವಾಲ್ಯೂಮ್, ಒಂದು ಟೋನ್ ನಾಬ್ ಅಷ್ಟೇ. ಮಿಡ್ ಗಟ್ಟಿಯಾಗಿರುವುದರಿಂದ ಇವತ್ತಿಗೂ ಅದು ಗದ್ದಲದಲ್ಲಿ ದಾರಿ ಮಾಡಿಕೊಳ್ಳುತ್ತದೆ. 1960ರ ಜಾಝ್ ಬೇಸ್ ಥರ ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಪಟ್ಟಿ) ಇದ್ದರೆ, ಎರಡನ್ನೂ ಪೂರ್ತಿ ತೆರೆದಾಗ ಮಿಡ್ ಸ್ವಲ್ಪ ತಗ್ಗುತ್ತದೆ. ಯಾವುದಾದರೂ ಒಂದನ್ನು ಚೂರು ಇಳಿಸಿ ನೋಡಿ, ತಟ್ಟನೆ ಮುಂದೆ ಬರುತ್ತದೆ. ಸಿಂಗಲ್ ಕಾಯಿಲ್ ಪಿಕಪ್ ಆದರೆ ಆಗ ಹಮ್ (ಗುಂಯ್ ಅನ್ನುವ ಸದ್ದು) ಕೂಡ ಸ್ವಲ್ಪ ಬರುತ್ತದೆ, ಅದು ಬಿಟ್ಟಿ ಬೋನಸ್.

ಆಕ್ಟಿವ್ ಬೇಸ್‌ನೊಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ. ಒಂದು ಕಾಲೇಜು ಫೆಸ್ಟ್‌ನಲ್ಲಿ ಹಿಂದಿನ ರಾತ್ರಿಯ ಅಭ್ಯಾಸದ ನಂತರ ನಾನು ಕೇಬಲ್ ಕೀಳದೆ ಮಲಗಿದ್ದೆ. ಎರಡನೇ ಹಾಡಿನ ಮಧ್ಯೆ ಟೋನ್ ಹರಕು ಪೇಪರ್ ಥರ ಆಗಿ, ಆಮೇಲೆ ನಿಂತೇಹೋಯಿತು. ಗಿಟಾರ್ ಸೋಲೋ ಉದ್ದವಾಗಿದ್ದರಿಂದ ಮಾನ ಉಳಿಯಿತು.

ಐದು ತಂತಿಯ ಬೇಸ್ ತಗೊಂಡ್ರೆ ಇನ್ನೂ ಚೆನ್ನಾಗಿ ಕೇಳಿಸುತ್ತಾ?

ಇಲ್ಲ. ತಗ್ಗಿನ 'ಬಿ' 31 ಹರ್ಟ್ಜ್. ಪೆಂಡಾಲಿನ ಸಬ್‌ಗಳಲ್ಲಿ ಹೆಚ್ಚಿನವು ಅಷ್ಟು ಕೆಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಹಾಡಿನ ಶ್ರುತಿಗೆ ಬೇಕಾದರೆ ತಗೊಳ್ಳಿ. ನಿಜ ಹೇಳಬೇಕೆಂದರೆ, ಕೇಳಿಸದಿದ್ದಾಗ ಅದೇ ಸಾಲನ್ನು ಒಂದು ಸ್ಥಾಯಿ ಮೇಲೆ ನುಡಿಸುವುದೇ ಸುಲಭದ ದಾರಿ.

ಕಂಪ್ರೆಸರ್ ಬೇಕಾ? ಡಿಸ್ಟಾರ್ಷನ್?

ಕಂಪ್ರೆಸರ್ ಜೋರು-ಮೆತ್ತಗಿನ ಏರಿಳಿತವನ್ನು ಸಮ ಮಾಡುತ್ತದೆ. ರೇಷಿಯೋ (ಎಷ್ಟು ಅದುಮಬೇಕು) 4:1, ಅಟ್ಯಾಕ್ (ಎಷ್ಟು ಬೇಗ ಅದುಮಲು ಶುರು ಮಾಡಬೇಕು) 30 ಮಿಲಿಸೆಕೆಂಡ್ ಆಸುಪಾಸು, ಜೋರು ಮೀಟಿದಾಗ 3ರಿಂದ 6 ಡೆಸಿಬೆಲ್ ತಗ್ಗಿದರೆ ಸಾಕು. ಅಟ್ಯಾಕ್ ತೀರಾ ವೇಗವಾಗಿಟ್ಟರೆ ಬೆರಳಿನ ಏಟೇ ಸತ್ತುಹೋಗುತ್ತದೆ.

ಡಿಸ್ಟಾರ್ಷನ್ (ಸದ್ದನ್ನು ಬೇಕಂತಲೇ ಒಡೆಯುವುದು) ಅಂದರೆ ಹೆದರಬೇಡಿ. ಚೂರು ಹಾಕಿದರೆ ಮೇಲಿನ ಕಂಪನಗಳು ಹೆಚ್ಚುತ್ತವೆ, ಸ್ವರ ಗಿಟಾರಿನ ಗೋಡೆ ಸೀಳಿ ಬರುತ್ತದೆ. ಮೋಟರ್‌ಹೆಡ್ ಬ್ಯಾಂಡ್‌ನ ಲೆಮ್ಮಿ ರಿಕನ್‌ಬ್ಯಾಕರ್ ಕಂಪನಿಯ ಬೇಸನ್ನು ಮಾರ್ಷಲ್ ಆಂಪ್‌ಗೆ ಹಾಕಿ ಮಿಡ್ ಏರಿಸಿ ಮಾಡುತ್ತಿದ್ದುದು ಇದನ್ನೇ. ಪೆಡಲ್‌ನಲ್ಲಿ ಬ್ಲೆಂಡ್ ನಾಬ್ (ಶುದ್ಧ ಸದ್ದು, ಒಡೆದ ಸದ್ದು ಬೆರೆಸಲು) ಇರಲೇಬೇಕು. ತಳ ಶುದ್ಧವಾಗಿರಲಿ, ಮೇಲೆ ಮಾತ್ರ ಕೊಳೆ.

ಎಷ್ಟು ವ್ಯಾಟ್‌ನ ಆಂಪ್ ಬೇಕು?

ಜೋರಾಗಿ ಬಾರಿಸುವ ಡ್ರಮ್ಮರ್ ಜೊತೆಗೆ 300 ವ್ಯಾಟ್ ಕೆಳಗೆ ಹೋಗಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಎರಡರಷ್ಟು ಅನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಹಾಗಾಗಿ 300ರಿಂದ 500ಕ್ಕೆ ಹೋಗಲು ಸಾಲ ಮಾಡುವ ಬದಲು ಇನ್ನೊಂದು ಸ್ಪೀಕರ್ ಕ್ಯಾಬಿನೆಟ್ ಸೇರಿಸಿ. 8 ಓಮ್‌ನ ಎರಡು ಸೇರಿದರೆ 4 ಓಮ್. ಆಂಪ್ ಅದನ್ನು ತಡೆಯುತ್ತದಾ ಅಂತ ಹಿಂಭಾಗದಲ್ಲಿ ಓದಿಕೊಂಡು ಚುಚ್ಚಿ.

ವೇದಿಕೆ ಮೇಲೆ ನನಗೇ ಕೇಳಿಸ್ತಿಲ್ಲ. ಜನ ಮಾತ್ರ ಬೇಸ್ ಜಾಸ್ತಿ ಅಂತಾರೆ!

ನಿಮ್ಮ ಆಂಪ್ ನಿಮ್ಮ ಮೊಣಕಾಲಿಗೆ ಹಾಡು ಹೇಳುತ್ತಿದೆ. ಕಿವಿ ಇರುವುದು ಅದಕ್ಕಿಂತ ಮೂರು ಅಡಿ ಮೇಲೆ. ಮೇಲಿನ ಕಂಪನಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ, ತಗ್ಗಿನವು ಎಲ್ಲ ಕಡೆ ಹರಡುತ್ತವೆ. ಆಂಪನ್ನು ಗಟ್ಟಿ ಕುರ್ಚಿಯ ಮೇಲೋ ಕ್ರೇಟ್ ಮೇಲೋ ಎತ್ತಿಡಿ, ಇಲ್ಲದಿದ್ದರೆ ಹಿಂದಕ್ಕೆ ವಾಲಿಸಿ. ಮೂಲೆಯಲ್ಲಿ ಇಡಬೇಡಿ. ಗೋಡೆಗಳು ಸೇರಿ ತಳವನ್ನು ಇನ್ನಷ್ಟು ಉಬ್ಬಿಸುತ್ತವೆ.

ಪ್ರಾಕ್ಟೀಸ್ ರೂಮಿನಲ್ಲಿ ಒಂದು ಸ್ವರ ಮಾತ್ರ ಗುಂಯ್ ಅನ್ನುತ್ತೆ, ಉಳಿದವು ಸರಿ.

ಅದು ಬೇಸಿನ ತಪ್ಪಲ್ಲ, ರೂಮಿನದು. 10 ಅಡಿ ಅಗಲದ ರೂಮ್ ಸುಮಾರು 56 ಹರ್ಟ್ಜ್‌ನಲ್ಲಿ ತಾನೇ ದನಿಗೂಡಿಸುತ್ತದೆ. ನಿಮ್ಮ 'ಎ' ತಂತಿ 55. ಸಾಕಲ್ಲ, ಕಿಟಕಿ ಗಾಜೂ ಹಾಡುತ್ತದೆ! ಆಂಪನ್ನು ಗೋಡೆಯಿಂದ ದೂರ ಎಳೆಯಿರಿ, ಆ ಜಾಗದಲ್ಲಿ ಮಾತ್ರ ಈಕ್ಯೂ ಸಣ್ಣಗೆ ಇಳಿಸಿ. ಮನೆಯ ಹಳೆ ಹತ್ತಿ ಹಾಸಿಗೆ ಮೂಲೆಗೆ ನಿಲ್ಲಿಸಿದರೆ ಮೇಲಿನ ಪ್ರತಿಧ್ವನಿ ತಗ್ಗುತ್ತದೆ, ಇಷ್ಟು ತಳದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ.

ಸೌಂಡ್‌ನವರ ಹತ್ತಿರ ಏನು ಹೇಳಬೇಕು?

ಮೊದಲು ಅವರ ಹೆಸರು ಕೇಳಿ, ಟೀ ಕುಡಿದಿರಾ ಅಂತ ಕೇಳಿ. ತಮಾಷೆ ಅಲ್ಲ. ಅವರು ಬೆಳಗ್ಗೆಯಿಂದ ಕೇಬಲ್ ಎಳೆದಿರುತ್ತಾರೆ.

ನಿಮ್ಮದೇ ಒಂದು ಡಿಐ ಬಾಕ್ಸ್ ಇಟ್ಟುಕೊಳ್ಳಿ. ಬೇಸ್ ಸಿಗ್ನಲ್ ಶುದ್ಧವಾಗಿ ಮಿಕ್ಸರ್‌ಗೆ ಹೋಗುತ್ತದೆ. ಆಕ್ಟಿವ್ ಡಿಐ ಆದರೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್ಲಿನಲ್ಲೇ ಬರುವ ಕರೆಂಟ್) ಆನ್ ಮಾಡಲು ಹೇಳಿ. ಆಂಪ್‌ನ ಹಿಂದಿರುವ ಡಿಐ ಬಳಸುವುದಾದರೆ ಅದರ ಸ್ವಿಚ್ 'ಪ್ರೀ'ಗೆ (ಆಂಪ್ ನಾಬ್‌ಗಳಿಗಿಂತ ಮುಂಚಿನ ಸದ್ದು) ಇರಲಿ, ವೇದಿಕೆಯಲ್ಲಿ ನೀವು ನಾಬ್ ತಿರುಗಿಸಿದರೂ ಹೊರಗಿನ ಸದ್ದು ಕೆಡುವುದಿಲ್ಲ. ಸೌಂಡ್ ಚೆಕ್‌ನಲ್ಲಿ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿಯುವ) ಶೋಕಿ ಬೇಡ. ಹಾಡಿನಲ್ಲಿ ನುಡಿಸುವುದನ್ನೇ, ಅಷ್ಟೇ ಜೋರಾಗಿ ನುಡಿಸಿ.

ಒಂದು ಸಲ ನಾನು ಮೈಕಿನಲ್ಲೇ "ಬೇಸ್ ಜಾಸ್ತಿ ಮಾಡಿ" ಅಂತ ಮೂರು ಸಲ ಕೂಗಿದೆ. ಸೌಂಡ್‌ನವರು ವೇದಿಕೆಗೇ ಹತ್ತಿ ಬಂದು ಕಿವಿಯಲ್ಲಿ ಹೇಳಿದರು: "ನಿಮ್ಮ ಆಂಪ್ ಇಳಿಸಿ ಸಾರ್, ಆಗ ನಾನು ಏರಿಸ್ತೀನಿ. ಈಗ ಹೊರಗೆ ಬರ್ತಿರೋದೆಲ್ಲ ಅದೇ." ಇಳಿಸಿದೆ. ಅವರು ಹೇಳಿದ್ದು ನಿಜವಾಗಿತ್ತು. ಮುಜುಗರವೂ ಆಯಿತು.

ಗುಂಯ್ ಅಂತ ಹಮ್ ಬರುತ್ತೆ. ಅರ್ತ್ ಪಿನ್ ಕಿತ್ರೆ ಹೋಗುತ್ತೆ ಅಂತಾರಲ್ಲ?

ಕೀಳಲೇಬೇಡಿ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದರೆ ಜೀವಕ್ಕೇ ಅಪಾಯ. ಡಿಐನಲ್ಲಿ 'ಗ್ರೌಂಡ್ ಲಿಫ್ಟ್' ಸ್ವಿಚ್ ಇರುತ್ತದೆ, ಅದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಅದನ್ನು ಒತ್ತಿ. ಬ್ಯಾಂಡ್‌ನವರೆಲ್ಲ ಒಂದೇ ಕಡೆಯಿಂದ ಕರೆಂಟ್ ತಗೊಳ್ಳಿ, ಸೀರಿಯಲ್ ಸೆಟ್ ದೀಪಗಳ ಲೈನಿನಿಂದ ಬೇಡ. ಕೇಬಲ್ ಸಂಶಯ ಇದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ ಒಳ್ಳೆಯ ಶೀಲ್ಡೆಡ್ ವೈರ್, ಜಾಕ್ ತಂದು ನೀವೇ ಸೋಲ್ಡರ್ ಮಾಡಿಕೊಳ್ಳಬಹುದು.

ಕಿವಿಗೆ ಏನಾದ್ರೂ ಹಾಕ್ಕೋಬೇಕಾ?

ಹಾಕಿಕೊಳ್ಳಿ. ಕೆಲಸದ ಜಾಗದ ಆರೋಗ್ಯ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. 100 ಆದರೆ 15 ನಿಮಿಷ ಮಾತ್ರ. ಸಂಗೀತಗಾರರ ಇಯರ್ ಪ್ಲಗ್ ಹಾಕಿದರೆ ಸಿಂಬಲ್ ಚುಚ್ಚುವುದು ತಗ್ಗಿ ನಿಮ್ಮ ಬೇಸ್ ನಿಮಗೇ ಚೆನ್ನಾಗಿ ಕೇಳಿಸುತ್ತದೆ.

ಬ್ಯಾಗಲ್ಲಿ ಏನೇನು ಇರಬೇಕು?

ಡಿಐ, ಎರಡು ಕೇಬಲ್, ಟ್ಯೂನರ್, 9 ವೋಲ್ಟ್ ಬ್ಯಾಟರಿ ಎರಡು, ಒಂದು ಸೆಟ್ ತಂತಿ, ಪುಟ್ಟ ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪ್, ಒರೆಸಲು ಹಳೆ ಪಂಚೆಯ ತುಂಡು. ಗಣಪತಿ ಸೀಸನ್ ಆದರೆ ದೊಡ್ಡ ಪ್ಲಾಸ್ಟಿಕ್ ಶೀಟ್ ಒಂದು. ಪೆಂಡಾಲ್ ಸೋರುವುದು ಯಾವಾಗಲೂ ಬೇಸ್ ಆಂಪ್ ಇಟ್ಟ ಕಡೆಯೇ.